ಟೈಲ್ಸ್ ಹಾಕಿಸುವ ಮೊದಲು ಆ ಗೋಡೆ ಒಮ್ಮೆ ನೋಡಿ

ಪ್ರಶ್ನೆ: ನಮ್ಮದು ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡದ ಹಳ್ಳಿ. ಊರ ಹೊರಗೆ, ಹೊಲಗಳ ನಡುವೆ ಹಳೆಯ ದರ್ಗಾ ಇದೆ. ನಾವು ಲಿಂಗಾಯತರು. ಆದರೂ ಗುರುವಾರ ಸಕ್ಕರೆ ಓದಿಸಿಕೊಂಡು ಬರುತ್ತೇವೆ, ಉರುಸಿಗೆ ಮನೆಮಂದಿಯೆಲ್ಲ ಹೋಗುತ್ತೇವೆ. ಈಗ ಪುಣೆಯಲ್ಲಿರುವ ಊರವರೊಬ್ಬರು ರೊಕ್ಕ ಕೊಡಲು ಮುಂದೆ ಬಂದಿದ್ದಾರೆ. ಒಳಗೆಲ್ಲ ಟೈಲ್ಸ್ ಹಾಕಿಸಿ, ಗುಮ್ಮಟಕ್ಕೆ ಹಸಿರು ಆಯಿಲ್ ಪೇಂಟ್ ಹೊಡೆಸಿ ಅಂತ ಹೇಳಿದ್ದಾರೆ. ಕಮಿಟಿಯವರಿಗೂ ಒಪ್ಪಿಗೆ. ನನಗೆ ಯಾಕೋ ಮನಸ್ಸಿಲ್ಲ. ಈ ಕಟ್ಟಡ ಎಷ್ಟು ಹಳೆಯದು ಅಂತ ತಿಳಿಯುವುದು ಹೇಗೆ? ಕಲಬುರಗಿಯ ಬಂದೇನವಾಜರ ದರ್ಗಾದಲ್ಲಿ ಇರುವಂಥ ಕಲೆ ಇದರಲ್ಲೂ ಇರಬಹುದಾ? ಪಡಸಾಲೆಯ ಒಂದು ಕಂಬ ಗುಡಿಯ ಕಂಬದ ಹಾಗೇ ಇದೆ. ಅದರ ಬಗ್ಗೆಯೂ ಹೇಳಿ. ಕೆಲವು ಫೋಟೊ ಕಳಿಸಿದ್ದೇನೆ.

ಉತ್ತರ:

ಮೊದಲು ಕೆಲಸ ನಿಲ್ಲಿಸಿ. ಉಳಿದ ಮಾತು ಆಮೇಲೆ.

ನೀವು ಕಳಿಸಿದ ಫೋಟೊಗಳಲ್ಲಿ ಒಂದನ್ನು ಬಹಳ ಹೊತ್ತು ನೋಡಿದೆ. ದೀಪದ ಗೂಡಿನ ಎಡಕ್ಕೆ ಹಸಿರು ಬಣ್ಣ ಅಂಗೈಯಗಲ ಎದ್ದು ಬಂದಿದೆ. ಅದರ ಕೆಳಗೆ ನೀಲಿ. ನೀಲಿಯ ಕೆಳಗೆ ಪದರ ಪದರವಾಗಿ ಸುಣ್ಣ. ಆ ಸುಣ್ಣದ ಅಂಚಿನಲ್ಲಿ ಒಂದು ಗೆರೆ ಸುರುಳಿ ಸುತ್ತಿಕೊಂಡು ಮೇಲೆ ಹೋಗಿದೆ, ಪಕ್ಕದಲ್ಲಿ ಅರ್ಧ ಎಲೆ. ಅದು ಬಿರುಕಲ್ಲ. ಬಿರುಕು ಅಷ್ಟು ಚಂದ ತಿರುಗುವುದಿಲ್ಲ. ಅದು ಗಾರೆಯಲ್ಲಿ ಕೊರೆದ ಬಳ್ಳಿ. ಅಂದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹೌದು, ಇದರಲ್ಲೂ ಕಲೆ ಇದೆ. ಸುಮ್ನೆ ಬಣ್ಣದ ಕೆಳಗೆ ಮಲಗಿದೆ.

ದರ್ಗಾದ ಕಲೆ ಅಂದ ಕೂಡಲೇ ನಮ್ಮ ಜನ ಕಲ್ಲಿನ ಕೆತ್ತನೆ ಹುಡುಕುತ್ತಾರೆ. ಗುಡಿ ನೋಡಿ ಅಭ್ಯಾಸವಾದ ಕಣ್ಣು ಅಲ್ವಾ. ಆದರೆ ನಿಮ್ಮ ಸೀಮೆಯ ಕಲ್ಲು ಕರಿಕಲ್ಲು. ಗಟ್ಟಿ, ಉಳಿ ಸುಲಭಕ್ಕೆ ಏರುವುದಿಲ್ಲ. ಬಹಮನಿ ಕಾಲದ ಕುಶಲಕರ್ಮಿಗಳು ಇದಕ್ಕೆ ಒಂದು ದಾರಿ ಕಂಡುಕೊಂಡರು. ಗೋಡೆಯನ್ನು ಒರಟು ಕಲ್ಲಿನಲ್ಲಿ ಏರಿಸುವುದು, ಮೇಲೆ ದಪ್ಪಗೆ ಗಚ್ಚು, ಅಂದರೆ ಸುಣ್ಣದ ಗಾರೆ, ಮೆತ್ತುವುದು, ಅಲಂಕಾರವನ್ನೆಲ್ಲ ಆ ಗಚ್ಚಿನಲ್ಲೇ ಮಾಡುವುದು. ಗಾರೆ ಇನ್ನೂ ಹಸಿ ಇರುವಾಗಲೇ ಬಳ್ಳಿ, ಜಾಲರಿ, ಅಕ್ಷರ ಕೊರೆಯುತ್ತಿದ್ದರು. ಆಮೇಲೆ ನಯವಾದ ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ತರುತ್ತಿದ್ದರು. ಬೇಕಾದಲ್ಲಿ ಬಣ್ಣ. ಹೀಗಾಗಿ ದಖ್ಖನ್ನಿನ ದರ್ಗಾದಲ್ಲಿ ಕಲೆ ಇರುವುದು ಗೋಡೆಯ ಮೇಲಿನ ಒಂದೆರಡು ಇಂಚಿನಲ್ಲಿ. ಕಾಂಟ್ರಾಕ್ಟರ್ ಬಂದು ಟೈಲ್ಸ್ ಹಿಡಿಯಲಿ ಅಂತ ಮೊದಲು ಕೆತ್ತಿ ಕೆಳಗೆ ಬೀಳಿಸುವುದೂ ಅದೇ ಒಂದೆರಡು ಇಂಚು. ಗೋಡೆ ಉಳಿಯುತ್ತದೆ, ದರ್ಗಾ ಹೋಗಿಬಿಡುತ್ತದೆ.

ಕಲಬುರಗಿಯ ಹೆಸರು ನೀವೇ ಎತ್ತಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ. ಬಂದೇನವಾಜ ಗೇಸುದರಾಜರು ಹುಟ್ಟಿದ್ದು 1321ರಲ್ಲಿ, ದಿಲ್ಲಿಯಲ್ಲಿ. ಚಿಕ್ಕವರಿದ್ದಾಗ ತಂದೆಯ ಜೊತೆ ದೌಲತಾಬಾದಿಗೆ ಬಂದರು, ಮತ್ತೆ ದಿಲ್ಲಿಗೆ ಹೋಗಿ ಚಿಷ್ತಿ ಎಂಬ ಸೂಫಿ ಪರಂಪರೆಯ ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯರಾದರು. 1398ರಲ್ಲಿ ತೈಮೂರ್ ದಿಲ್ಲಿಯ ಮೇಲೆ ಏರಿ ಬಂದಾಗ ಊರು ಬಿಟ್ಟು ದಕ್ಷಿಣಕ್ಕೆ ನಡೆದರು. ಕಲಬುರಗಿ ಮುಟ್ಟಿದಾಗ ವಯಸ್ಸು ಎಂಬತ್ತರ ಹತ್ತಿರ. ಆಗ ಫಿರೋಜ್ ಶಾಹ ಬಹಮನಿಯ ಆಳ್ವಿಕೆ. ಬಂದೇನವಾಜರು ನೂರು ದಾಟಿ ಬದುಕಿ 1422ರಲ್ಲಿ ತೀರಿಕೊಂಡರು. ಅದೇ ವರ್ಷ ಪಟ್ಟಕ್ಕೆ ಬಂದ ಅಹಮದ್ ಶಾಹ ವಲಿ ಅವರ ಗೋರಿಯ ಮೇಲೆ ಕಟ್ಟಡ ಕಟ್ಟಿಸಿದ.

ಆ ಕಟ್ಟಡವನ್ನು ಹೊರಗಿನಿಂದ ನೋಡಿದರೆ ಎರಡು ಅಂತಸ್ತು ಇದೆ ಅನಿಸುತ್ತದೆ. ಸಾಲು ಕಮಾನುಗಳ ಮೇಲೆ ಇನ್ನೊಂದು ಸಾಲು ಕಮಾನು. ಒಳಗೆ ಹೋದರೆ ಇರುವುದು ಒಂದೇ ಎತ್ತರದ ಕೋಣೆ. ಹೊರಗಿನ ಎರಡು ಸಾಲು ದಪ್ಪ ಗೋಡೆಯ ಭಾರ ಕಣ್ಣಿಗೆ ಕಾಣದಂತೆ ಮಾಡುವ ಜಾಣತನ. ಒಳಗಡೆ ಗುಮ್ಮಟದಲ್ಲಿ ಬಣ್ಣದ ಕೆಲಸ ಇದೆ, ನಂತರದವರು ಸೇರಿಸಿದ ಕನ್ನಡಿ ಕೆಲಸವೂ ಇದೆ. ಕನ್ನಡಿ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ದರ್ಗಾ ಅನ್ನುವುದು ಯಾವತ್ತೂ ಒಂದೇ ಕಾಲದ ಕಟ್ಟಡವಲ್ಲ. ಹರಕೆ ಹೊತ್ತವರು ಒಬ್ಬೊಬ್ಬರಾಗಿ ಬಂದು ಏನಾದರೂ ಸೇರಿಸುತ್ತಲೇ ಇರುತ್ತಾರೆ. ಅಲ್ಲೇ ಆವರಣದಲ್ಲಿ ಮಗನ, ಮೊಮ್ಮಗನ ಗೋರಿಗಳು, ಮಸೀದಿ, ಗ್ರಂಥಾಲಯ, ಮುಂದೆ ಬಿಜಾಪುರದ ಆದಿಲ್‌ಶಾಹಿಗಳ ಕಾಲದ ಭಾರಿ ಕಮಾನು. ಆ ಕಮಾನಿನ ಮೇಲಿನ ಗುಂಡನೆಯ ತಟ್ಟೆಗಳಲ್ಲಿ ಪ್ರಾಣಿಗಳ ರೂಪ ಇದೆ. ಮುಸ್ಲಿಂ ಕಟ್ಟಡದಲ್ಲಿ ಪ್ರಾಣಿಯ ಚಿತ್ರ ಇರುವುದೇ ಇಲ್ಲ ಅನ್ನುವವರಿಗೆ ಅದನ್ನು ತೋರಿಸಿ.

ಸಾಧ್ಯವಾದರೆ ಒಂದು ಭಾನುವಾರ ಅಕ್ಕಲಕೋಟ ರೋಡ್‌ನಲ್ಲೋ ದುಧನಿಯಲ್ಲೋ ರೈಲು ಹತ್ತಿ ಕಲಬುರಗಿಗೆ ಹೋಗಿ. ಕಮಿಟಿಯ ಒಬ್ಬಿಬ್ಬರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ನೇರ ದರ್ಗಾಕ್ಕೆ ಹೋಗಬೇಡಿ. ಮೊದಲು ಕೋಟೆಯ ಹತ್ತಿರ ಇರುವ ಮೊದಲ ಬಹಮನಿ ಸುಲ್ತಾನ ಅಲಾವುದ್ದೀನ್ ಹಸನನ ಗೋರಿ ನೋಡಿ. ಆತ ಸತ್ತಿದ್ದು 1358ರಲ್ಲಿ. ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ವಾಲಿವೆ, ಗುಮ್ಮಟ ತಗ್ಗು, ಅಲಂಕಾರ ಇಲ್ಲವೆನ್ನುವಷ್ಟು ಕಡಿಮೆ. ದಿಲ್ಲಿಯ ತುಘಲಕರ ರೀತಿ ಅದು. ಆಮೇಲೆ ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್. ಅಲ್ಲಿ ಒಂದೊಂದೇ ಗೋರಿ ದಾಟುತ್ತಾ ಬಂದರೆ ಗೋಡೆ ನೆಟ್ಟಗಾಗುತ್ತದೆ, ಕಮಾನು ಹೆಚ್ಚುತ್ತದೆ. ಕೊನೆಗೆ ಫಿರೋಜ್ ಶಾಹನ ಜೋಡಿ ಕೋಣೆಯ ಗೋರಿ. ಒಳಗೆ ಗಾರೆಯ ಕೆಲಸ ಹೇಗೆ ಉಕ್ಕಿದೆ ನೋಡಿ! ಕುತ್ತಿಗೆ ನೋಯುವ ತನಕ ನೋಡಿ. ಅದಾದ ಮೇಲೆ ಬಂದೇನವಾಜರ ದರ್ಗಾ. 1358ರಿಂದ 1422ರ ತನಕ, ಅಂದರೆ ಎರಡು ತಲೆಮಾರಿನಲ್ಲಿ, ದಿಲ್ಲಿಯ ಒರಟು ಕಟ್ಟಡ ನಮ್ಮ ಸೀಮೆಯದಾಗಿದ್ದು ಹೇಗೆ ಅಂತ ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಹೊತ್ತು ಉಳಿದರೆ ಶೇಖ್ ರೋಜಾ. ಬಹಮನಿ ಸುಲ್ತಾನರಿಗೆ ಗುರುವಾಗಿದ್ದ ಸಿರಾಜುದ್ದೀನ್ ಜುನೈದಿಯವರ ದರ್ಗಾ ಅದು. ಅದರ ಮುಂದಿನ ಎತ್ತರದ ಜೋಡಿ ಮಿನಾರಿನ ಬಾಗಿಲು ಬಿಜಾಪುರದ ಯೂಸುಫ್ ಆದಿಲ್ ಖಾನ್ ಕಟ್ಟಿಸಿದ್ದು ಎನ್ನುತ್ತಾರೆ.

ಬಣ್ಣದ ಮಾತು ಬಂದರೆ ಬೀದರನ್ನು ಬಿಡುವ ಹಾಗಿಲ್ಲ. ಅದೇ ಅಹಮದ್ ಶಾಹ ವಲಿ ರಾಜಧಾನಿಯನ್ನು ಅಲ್ಲಿಗೆ ಒಯ್ದ. 1436ರಲ್ಲಿ ತೀರಿಕೊಂಡ. ಅಷ್ಟೂರಿನಲ್ಲಿರುವ ಅವನ ಗೋರಿ ಸುಲ್ತಾನನದೇ ಆದರೂ ಜನ ಅದನ್ನು ದರ್ಗಾ ಎಂದೇ ನಡೆದುಕೊಳ್ಳುತ್ತಾರೆ. ಒಳಗೆ ಕಾಲಿಟ್ಟರೆ ಮೊದಲು ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಕೆಂಪು, ನೀಲಿ, ಹಸಿರು, ಬಂಗಾರದ ಬಣ್ಣ. ಗುಮ್ಮಟದ ಒಳಮೈ ತುಂಬ ಬಳ್ಳಿ, ನಕ್ಷತ್ರ, ಬಗೆಬಗೆಯ ಅಕ್ಷರ. ಆ ಅಕ್ಷರಗಳಲ್ಲಿ ಸೂಫಿ ಗುರುಗಳ ವಂಶಾವಳಿಯನ್ನೇ ಬರೆದಿದ್ದಾರೆ. ಗುರುವಿನ ಗುರು, ಅವರ ಗುರು, ಹೀಗೆ ಹಿಂದಕ್ಕೆ ಹೋಗುತ್ತದೆ. ಸೂಫಿಗಳಲ್ಲಿ ಈ ಸರಣಿಯೇ ಎಲ್ಲ. ಹಾಗಾಗಿ ಅಲ್ಲಿಯ ಅಕ್ಷರ ಸುಮ್ನೆ ಅಂದಕ್ಕೆ ಬರೆದದ್ದಲ್ಲ. ಅಲ್ಲಿಯ ಉರುಸು ನಡೆಯುವುದು ಹಿಂದೂ ಪಂಚಾಂಗದ ಪ್ರಕಾರ. ಆಳಂದ ತಾಲೂಕಿನ ಮಾಡಿಯಾಳದ ಜಂಗಮರು ಅದನ್ನು ನಡೆಸಿಕೊಡುತ್ತಾರೆ. ಲಿಂಗಾಯತರು ಈ ಸುಲ್ತಾನನಲ್ಲಿ ಅಲ್ಲಮಪ್ರಭುವನ್ನು ಕಾಣುತ್ತಾರೆ. ನೀವು ಗುರುವಾರ ಸಕ್ಕರೆ ಓದಿಸುವುದು ಹೊಸ ಸಂಗತಿ ಏನಲ್ಲ ಬಿಡಿ.

ಕಲ್ಲಿನ ಕೆಲಸವೇ ಬೇಕು ಅನ್ನುವವರಿಗೆ ಅಷ್ಟೂರಿನ ದಾರಿಯಲ್ಲೇ ಚೌಖಂಡಿ ಇದೆ. ಇರಾನಿನ ಸೂಫಿ ಶಾಹ ನಿಯಾಮತುಲ್ಲಾ ವಲಿಯವರ ಮಗ ಖಲೀಲುಲ್ಲಾ ಅವರ ಗೋರಿ. ಎಂಟು ಮೂಲೆಯ ಕಟ್ಟಡ, ಕಮಾನುಗಳ ಅಂಚಿಗೆಲ್ಲ ಕರಿಕಲ್ಲಿನ ಕೆತ್ತಿದ ಪಟ್ಟಿ. ಬಾಗಿಲ ಮೇಲಿನ ಬರಹ ಶಿರಾಜಿನ ಮುಘೀಸ್ ಎಂಬ ಅಕ್ಷರಗಾರನದು. ಅಷ್ಟು ದೊಡ್ಡವರಿಗೂ ಕರಿಕಲ್ಲನ್ನು ಪಟ್ಟಿಯಾಗಿ ಮಾತ್ರ ಕೆತ್ತಿಸಲು ಆಯಿತು ಅನ್ನುವುದನ್ನು ಗಮನಿಸಿ.

ಈಗ ನಿಮ್ಮ ಊರಿಗೆ ಬರೋಣ. ಕಾಲ ಹೇಳಲು ನಾನು ಮೊದಲು ನೋಡುವುದು ಗುಮ್ಮಟದ ಬುಡ. ಬಹಮನಿ ಗುಮ್ಮಟ ಗೋಡೆಯ ಮೇಲೆ ನೇರ ಕೂತಿರುತ್ತದೆ, ಅರ್ಧ ಚೆಂಡಿನ ಆಕಾರ, ಕೆಲವೊಮ್ಮೆ ಇನ್ನೂ ಚಪ್ಪಟೆ. ಆದಿಲ್‌ಶಾಹಿ ಗುಮ್ಮಟದ ಬುಡದಲ್ಲಿ ಕಮಲದ ದಳಗಳ ಸುತ್ತು ಇರುತ್ತದೆ, ಗುಮ್ಮಟ ಆ ದಳಗಳೊಳಗಿಂದ ಮೇಲೆದ್ದ ಹಾಗೆ ಕಾಣುತ್ತದೆ. ನಿಮ್ಮ ಫೋಟೊದಲ್ಲಿ ದಳಗಳಿವೆ. ಪೇಂಟ್ ದಪ್ಪವಾಗಿ ಕೂತು ಮೊಂಡಾಗಿವೆ, ಆದರೂ ಇವೆ. ಎರಡನೆಯದು, ಬಾಗಿಲಿನ ಕಮಾನಿನ ಎರಡೂ ಭುಜಗಳು. ಅಲ್ಲಿ ಒಂದೊಂದು ಗುಂಡನೆಯ ತಟ್ಟೆ, ಅದನ್ನು ಹೊತ್ತಂತೆ ಕೆಳಗೆ ಒಂದು ಬಾಗಿದ ಎಲೆ. ಬಿಜಾಪುರದವರಿಗೆ ಬಹಳ ಪ್ರಿಯವಾದ ಗುರುತು ಅದು. ಮೂರನೆಯದು, ನಾಲ್ಕು ಮೂಲೆಯ ಪುಟ್ಟ ಮಿನಾರುಗಳು. ತಲೆಯ ಮೇಲೆ ಪುಟಾಣಿ ಗುಮ್ಮಟ, ಅದಕ್ಕೂ ದಳಗಳು. ಇವೆಲ್ಲ ಕೂಡಿಸಿ ನೋಡಿದರೆ ಈಗಿನ ರೂಪ ಆದಿಲ್‌ಶಾಹಿ ಕಾಲದ್ದು. ಅವರು ಆಳಿದ್ದು 1490ರಿಂದ 1686ರ ತನಕ. ಅದರಲ್ಲಿ ಕೊನೆಯ ನೂರು ವರ್ಷದ ಒಳಗೆ ಅಂತ ನನ್ನ ಲೆಕ್ಕ. ಗೋರಿ ಮಾತ್ರ ಅದಕ್ಕಿಂತ ಹಳೆಯದಿರಬಹುದು. ಮೊದಲು ಬರೀ ಕಟ್ಟೆ, ಆಮೇಲೆ ಭಕ್ತರೊಬ್ಬರು ಗುಮ್ಮಟ ಕಟ್ಟಿಸುವುದು, ಇದು ದರ್ಗಾಗಳಲ್ಲಿ ಎಲ್ಲ ಕಡೆ ನಡೆದಿದ್ದೇ.

ಇದೊಂದು ಕೆಲಸ ನೀವೇ ಮಾಡಬಹುದು. ಒಳಗೆ ನಿಂತು ಮೂಲೆಗಳನ್ನು ನೋಡಿ. ಕೋಣೆ ಚೌಕ, ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ಕೂರಿಸಲು ಮೂಲೆ ಮೂಲೆಗೆ ಅಡ್ಡ ಕಮಾನು ಹಾಕಿ ಮೊದಲು ಎಂಟು ಮೂಲೆ ಮಾಡಿಕೊಳ್ಳುತ್ತಾರೆ. ಹಳೆಯ ರೀತಿ ಅದು. ಬಿಜಾಪುರದವರು ಇನ್ನೂ ಮುಂದೆ ಹೋಗಿ, ಒಂದನ್ನೊಂದು ದಾಟುವ ಎಂಟು ಕಮಾನುಗಳ ಮೇಲೆ ಗುಮ್ಮಟ ಹೊರಿಸಿದರು. ಗೋಲಗುಮ್ಮಟದಲ್ಲಿ ಒಳಗಿನ ಅಗಲ 124 ಅಡಿ ಇರುವ ಗುಮ್ಮಟ ನಿಂತಿರುವುದು ಇದೇ ಉಪಾಯದಿಂದ. ನಿಮ್ಮ ದರ್ಗಾದಲ್ಲಿ ಯಾವುದಿದೆ ಅಂತ ಫೋಟೊದಲ್ಲಿ ಕಾಣಲಿಲ್ಲ, ಗೋರಿಗೆ ಹೊದಿಸುವ ಗಲೀಫುಗಳು, ಬಣ್ಣದ ಕಾಗದದ ತೋರಣ ಅಡ್ಡ ಬಂದಿವೆ. ಒಂದು ಫೋಟೊ ತೆಗೆದು ಕಳಿಸಿ.

ಗೋರಿಯ ದಿಕ್ಕನ್ನೂ ನೋಡಿ. ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ, ಮುಖ ಪಶ್ಚಿಮಕ್ಕೆ. ಕಣ್ಣಿಗೆ ಕಾಣುವುದು ಮೇಲಿನ ಗುರುತು ಅಷ್ಟೇ, ನಿಜವಾದ ಗೋರಿ ಕೆಳಗೆ ಮಣ್ಣಿನಲ್ಲಿರುತ್ತದೆ. ಟೈಲ್ಸ್‌ಗೆ ಅಂತ ನೆಲ ಅಗೆಯುವವರಿಗೆ ಇದು ಗೊತ್ತಿರಬೇಕು. ದರ್ಗಾ ನೋಡಿಕೊಳ್ಳುವ ಮುಜಾವರರಿಗೆ ಹೇಗೂ ಗೊತ್ತಿರುತ್ತದೆ, ಕೇಳುವವರು ಬೇಕಷ್ಟೆ.

ಇನ್ನು ಆ ಕಂಬ. ನೀವು ಹೇಳಿದ್ದು ಸರಿ, ಅದು ಗುಡಿಯ ಕಂಬವೇ. ತಿರುಗಣಿಯಲ್ಲಿ ಕಡೆದಂತೆ ಬಳೆ ಬಳೆಯಾಗಿ ಇರುವ ಇಂಥ ಕಂಬ ಕಲ್ಯಾಣ ಚಾಲುಕ್ಯರ ಕಾಲದ್ದು, ಹನ್ನೊಂದು ಹನ್ನೆರಡನೆಯ ಶತಮಾನ. ಭೀಮಾ ಮತ್ತು ಸೀನಾ ಕೂಡುವ ಕುಡಲದಿಂದ ಹಿಡಿದು ನಿಮ್ಮ ತಾಲೂಕಿನ ತನಕ ಆ ಕಾಲದ ಕಲ್ಲುಗಳು ಹೊಲದ ಬದುವಿನಲ್ಲಿ, ಬಾವಿಯ ಮೆಟ್ಟಿಲಲ್ಲಿ, ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ಎಲ್ಲೆಲ್ಲೂ ಸಿಗುತ್ತವೆ. ಅದೊಂದನ್ನೇ ಹಿಡಿದುಕೊಂಡು ಯಾರೂ ಕಥೆ ಕಟ್ಟದಿರಲಿ. ಬಿದ್ದ ಗುಡಿಯಿಂದ ತಂದಿರಬಹುದು, ಬೀಳಿಸಿದ ಗುಡಿಯಿಂದಲೂ ಬಂದಿರಬಹುದು. ಕಂಬ ತಾನಾಗಿ ಅದನ್ನು ಹೇಳುವುದಿಲ್ಲ. ಅದು ಹೇಳುವುದು ಇಷ್ಟು: ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದು. ಬುಡದ ಕೆಳಗೆ ಎತ್ತರ ಸರಿಮಾಡಲು ಎರಡು ಚಪ್ಪಡಿ ಕೊಟ್ಟಿದ್ದಾರೆ, ಫೋಟೊದಲ್ಲೇ ಕಾಣುತ್ತದೆ. ಪಕ್ಕದ ಮೂರು ಕಂಬಗಳಿಗೆ ಅದರ ಅಗತ್ಯ ಬಿದ್ದಿಲ್ಲ. ಆ ಕಂಬದ ಚೌಕ ಭಾಗದ ನಾಲ್ಕೂ ಮುಖ ಸರಿಯಾಗಿ ನೋಡಿ. ಸುಣ್ಣದ ಕೆಳಗೆ ಹಳಗನ್ನಡದ ಅಕ್ಷರ ಇದ್ದರೂ ಇರಬಹುದು. ಈ ಭಾಗದಲ್ಲಿ ಚಾಲುಕ್ಯರ ಕನ್ನಡ ಶಾಸನಗಳಿಗೆ ಬರವಿಲ್ಲ.

ಹುಡುಕುವ ವಿಧಾನ ಹೇಳುತ್ತೇನೆ. ಸಂಜೆ ಕತ್ತಲಾದ ಮೇಲೆ ಒಳಗಿನ ಟ್ಯೂಬ್‌ಲೈಟ್ ಆರಿಸಿ. ಒಂದು ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕು ಗೋಡೆಯ ಉದ್ದಕ್ಕೆ ಹರಿಯುವಂತೆ ಮಾಡಿ. ಎದುರಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಅಡ್ಡ ಬೆಳಕಿಗೆ ಪ್ರತಿ ತಗ್ಗಿಗೂ ಒಂದು ನೆರಳು ಬೀಳುತ್ತದೆ, ಹತ್ತು ಪದರ ಬಣ್ಣದ ಕೆಳಗಿನ ಬಳ್ಳಿಯೂ ಎದ್ದು ಕಾಣುತ್ತದೆ. ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ, ಒಂದು ಗೋಡೆಯಾದ ಮೇಲೆ ಇನ್ನೊಂದು, ಯಾವ ದಿಕ್ಕಿನ ಗೋಡೆ ಅಂತ ಬರೆದಿಟ್ಟುಕೊಳ್ಳಿ. ಚಾಕು, ಸ್ಯಾಂಡ್‌ಪೇಪರ್, ಆಸಿಡ್, ನೀರಿನ ಪೈಪು ಯಾವುದೂ ಗೋಡೆಯ ಹತ್ತಿರ ಬರಬಾರದು. ಬಣ್ಣ ಬಿಡಿಸುವುದು ತಿಳಿದವರ ಕೆಲಸ. ಅವರು ಮೊದಲು ಬೆರಳಗಲ ಜಾಗದಲ್ಲಿ ಪದರ ಪದರವಾಗಿ ಬಿಡಿಸಿ ನೋಡುತ್ತಾರೆ, ಆಮೇಲೆ ಮುಂದಿನ ಮಾತು.

ಪರ್ಷಿಯನ್ ಅಥವಾ ಅರಬಿ ಬರಹ ಸಿಕ್ಕರೆ ಅದರ ಫೋಟೊವನ್ನು ನಾಗಪುರಕ್ಕೆ ಕಳಿಸಿ. ಕೇಂದ್ರ ಪುರಾತತ್ವ ಇಲಾಖೆಯ ಅರಬಿ–ಪರ್ಷಿಯನ್ ಶಾಸನ ವಿಭಾಗ ಇರುವುದು ಅಲ್ಲಿ. ಕನ್ನಡದ್ದಾದರೆ ಮೈಸೂರಿಗೆ. ಬರಹದಲ್ಲಿ ಅಂಕಿ ಇಲ್ಲ ಅಂತ ನಿರಾಶೆ ಬೇಡ. ಪರ್ಷಿಯನ್ ಶಾಸನಗಳಲ್ಲಿ ವರ್ಷವನ್ನು ಒಂದು ಸಾಲಿನ ಅಕ್ಷರಗಳಲ್ಲೇ ಅಡಗಿಸುವ ಪದ್ಧತಿ ಇದೆ. ಒಂದೊಂದು ಅಕ್ಷರಕ್ಕೆ ಒಂದು ಬೆಲೆ, ಕೂಡಿಸಿದರೆ ಹಿಜರಿ ವರ್ಷ. ಬಂದೇನವಾಜರು ತೀರಿಕೊಂಡ 1422 ಹಿಜರಿ ಲೆಕ್ಕದಲ್ಲಿ 825.

ಟೈಲ್ಸ್ ಯಾಕೆ ಬೇಡ ಅನ್ನುವುದಕ್ಕೆ ಕಮಿಟಿಯ ಮುಂದೆ ಕಲೆಯ ಮಾತು ಆಡಬೇಡಿ, ನಡೆಯುವುದಿಲ್ಲ. ನೀರಿನ ಮಾತು ಆಡಿ. ನಿಮ್ಮದು ಎರೆಭೂಮಿ. ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಆ ಪಸೆ ಗೋಡೆಯ ಬುಡದಿಂದ ಮೇಲಕ್ಕೆ ಏರುತ್ತದೆ. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಪಸೆ ಅದರಿಂದ ಆರಿಹೋಗುತ್ತದೆ. ನಾಲ್ಕಡಿ ಎತ್ತರಕ್ಕೆ ಟೈಲ್ಸ್ ಹಾಕಿದಿರಿ ಅಂದುಕೊಳ್ಳಿ. ಪಸೆಗೆ ದಾರಿ ಇಲ್ಲ, ಟೈಲ್ಸ್‌ನ ಹಿಂದೆ ಏರಿ ಏರಿ ಐದನೆಯ ಅಡಿಯಲ್ಲಿ ಹೊರಗೆ ಬರುತ್ತದೆ. ಜೊತೆಗೆ ಉಪ್ಪನ್ನೂ ತರುತ್ತದೆ. ಉಪ್ಪು ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ನಿಮ್ಮ ಬಳ್ಳಿ ಇರುವುದು ಸರಿಯಾಗಿ ಅದೇ ಎತ್ತರದಲ್ಲಿ. ಆಯಿಲ್ ಪೇಂಟಿನ ಕಥೆಯೂ ಇದೇ. ಈಗ ಅಂಗೈಯಗಲ ಎದ್ದು ಬಂದಿದೆಯಲ್ಲ, ಅದು ಪೇಂಟರ್ ಮಾಡಿದ ತಪ್ಪಲ್ಲ, ಹಿಂದೆ ಸಿಕ್ಕಿಬಿದ್ದ ಪಸೆ ಒದ್ದು ಹೊರಗೆ ಬಂದದ್ದು. ಎಷ್ಟು ದುಬಾರಿ ಪೇಂಟ್ ಹೊಡೆಸಿದರೂ ಎರಡು ಮೂರು ಮಳೆಗಾಲಕ್ಕೆ ಮತ್ತೆ ಎದ್ದೇ ಏಳುತ್ತದೆ. ದಾನಿಯ ರೊಕ್ಕ ವ್ಯರ್ಥ ಅಂದರೆ ಕಮಿಟಿ ಕೇಳುತ್ತದೆ.

ಸಿಮೆಂಟ್ ಇನ್ನೂ ಕೆಟ್ಟದ್ದು. ಹಳೆಯ ಗಾರೆಗಿಂತ ಗಟ್ಟಿ, ಬಿಸಿಲಿಗೆ ಹಿಗ್ಗಿ ಕುಗ್ಗುವ ರೀತಿಯೇ ಬೇರೆ. ಬಿಡುವಾಗ ತಾನೊಂದೇ ಬಿಡುವುದಿಲ್ಲ, ಹಳೆಯದನ್ನೂ ಕಿತ್ತುಕೊಂಡು ಬೀಳುತ್ತದೆ.

ಹಾಗಾದರೆ ಏನು ಮಾಡಿಸಬೇಕು? ಮೊದಲು ಗುಮ್ಮಟದ ಮೇಲೆ ಹತ್ತಿಸಿ ನೋಡಿಸಿ. ಎಡ ಮಿನಾರಿನ ಬುಡದಲ್ಲಿ ಆಲದ ಸಸಿ ಹುಟ್ಟಿದೆ, ಈಗಲೇ ಬೇರು ಸಮೇತ ತೆಗೆಸಿದರೆ ಸಾಕು, ಐದು ವರ್ಷ ಬಿಟ್ಟರೆ ಮಿನಾರೇ ಇರುವುದಿಲ್ಲ. ಮಾಳಿಗೆಯ ನೀರು ಹೋಗುವ ದೋಣಿಗಳಲ್ಲಿ ಎರಡು ಕಟ್ಟಿಕೊಂಡಿವೆ. ಗೋಡೆಯ ಸುತ್ತ ನೀರು ನಿಲ್ಲದಂತೆ ಹೊರಗಡೆಗೆ ಇಳಿಜಾರು ಕೊಡಿಸಿ. ಹೊರಗಿನ ಬಿರುಕುಗಳಿಗೆ ಸುಣ್ಣದ ಗಾರೆಯನ್ನೇ ತುಂಬಿಸಿ. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಮರಳು, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಈಗ ಮಿಕ್ಸರ್ ಸಿಗುತ್ತದೆ, ಅರೆಯುವ ತಾಳ್ಮೆ ಇರುವ ಗೌಂಡಿ ಸಿಗುವುದೇ ಕಷ್ಟ. ಸಿಕ್ಕರೆ ಅವಸರ ಮಾಡಬೇಡಿ, ಸುಣ್ಣದ ಗಾರೆ ಗಾಳಿ ಕುಡಿದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉರುಸಿಗೆ ಹದಿನೈದು ದಿನ ಇರುವಾಗ ಶುರು ಮಾಡುವ ಕೆಲಸ ಅಲ್ಲ ಅದು.

ಉರುಸಿಗೆ ದರ್ಗಾ ಬೆಳ್ಳಗೆ ಕಾಣಬೇಕು ಅಂತ ಜನರಿಗೆ ಆಸೆ ಇರುತ್ತದೆ. ಹೊರಗಡೆ ಧಾರಾಳವಾಗಿ ಸುಣ್ಣ ಹೊಡೆಯಿರಿ. ವರ್ಷ ವರ್ಷ ಸುಣ್ಣ ಹೊಡೆದ ಹಿರಿಯರೇ ಆ ಬಳ್ಳಿಯನ್ನು ನಮ್ಮ ತನಕ ಉಳಿಸಿದ್ದು. ಸುಣ್ಣ ಕೆಳಗಿನದನ್ನು ಮುಚ್ಚುತ್ತದೆ, ಕೊಲ್ಲುವುದಿಲ್ಲ. ಬೇಕೆಂದಾಗ ಬಿಡಿಸಬಹುದು. ಒಳಗೆ ಮಾತ್ರ ಸದ್ಯ ಏನೂ ಬೇಡ. ಎಣ್ಣೆಯ ದೀಪ, ಊದುಬತ್ತಿಯನ್ನು ಗೂಡಿನಿಂದ ತೆಗೆದು ಪಡಸಾಲೆಯಲ್ಲಿ ಇಡುವ ವ್ಯವಸ್ಥೆಯಾದರೆ ಹೊಗೆ ಕಡಿಮೆಯಾಗುತ್ತದೆ. ಮುಜಾವರರ ಜೊತೆ ಕೂತು ಮಾತಾಡಿ, ಹಟ ಮಾಡಬೇಡಿ.

ಕೆಲಸಕ್ಕೆ ಕೈ ಹಾಕುವ ಮೊದಲು ಈ ದರ್ಗಾ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ಪುರಾತತ್ವ ಇಲಾಖೆಯಲ್ಲಿ ಕೇಳಿ, ವಕ್ಫ್ ದಾಖಲೆಯನ್ನೂ ನೋಡಿ. ಕೇಂದ್ರದ ಪಟ್ಟಿಯಲ್ಲಿದ್ದರೆ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವ ಹಾಗಿಲ್ಲ. ನಿಮ್ಮದು ಆ ಪಟ್ಟಿಯಲ್ಲಿ ಇರಲಿಕ್ಕಿಲ್ಲ ಅಂತ ನನ್ನ ಅಂದಾಜು. ಹಾಗಾಗಿಯೇ ಜವಾಬ್ದಾರಿ ಪೂರ್ತಿ ಊರಿನ ಮೇಲಿದೆ.

ಇನ್ನು ಪುಣೆಯ ದಾನಿ. ಅವರ ಮನಸ್ಸು ನೋಯಿಸಬೇಡಿ, ರೊಕ್ಕವನ್ನೂ ಬಿಡಬೇಡಿ. ಫೋಟೊದಲ್ಲಿ ಒಜು ಮಾಡುವ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ, ಜಾಗ ಕಂಡೆ. ಒಂದೇ ನಲ್ಲಿ, ಕೆಳಗೆ ಕೆಸರು. ಉರುಸಿಗೆ ಬರುವ ಹೆಣ್ಣುಮಕ್ಕಳಿಗೆ ಶೌಚಾಲಯವೂ ಕಾಣಲಿಲ್ಲ. ದರ್ಗಾದ ಗೋಡೆಯಿಂದ ದೂರದಲ್ಲಿ, ನೀರು ಆಚೆ ಹರಿದು ಹೋಗುವ ಕಡೆ, ಇವೆರಡನ್ನೂ ಕಟ್ಟಿಸಿ. ಅಲ್ಲಿಗೆ ಅವರಿಗೆ ಬೇಕಾದ ಬಣ್ಣದ ಟೈಲ್ಸ್ ಹಾಕಿಸಿ, ಹೆಸರಿನ ಫಲಕವನ್ನೂ ಅಲ್ಲೇ ಹಾಕಿಸಿ.